ಸುಮಾಕ್ ಗಿಡದ ಸೊನೆ

ಕಿಟಕಿಯ ಸರಳು ಹಿಡಿದು ನಿಂತಿದ್ದ ಸುಭಾಷನ ಕಣ್ಣೆದುರಿಗೇ ಗೇಟಿನ ಪಕ್ಕದ ಗಿಡದಿಂದ ಮತ್ತೊಂದು ಎಲೆಗರಿ ಕಳಚಿ ಬಿತ್ತು. ಬೆಳಗಿನಿಂದ ಇದು ನಾಲ್ಕನೆಯದು. ಗಾಳಿಯೂ ಇರಲಿಲ್ಲ. ತುದಿಯ ಎಲೆಗಳು ಮುದುಡಿ, ಬಟ್ಟೆ ಒಣಹಾಕಿದಂತೆ ಕೆಳಮುಖವಾಗಿ ಜೋತುಬಿದ್ದಿದ್ದವು.

"ಸಂಘಾ, ಇನ್ನೊಂದು ಬಕೆಟ್ ನೀರು ಹಾಕ್ಬಿಡೇ. ಪೂರ್ತಿ ಬಾಡ್ತಾ ಇದೆ."

"ಎದ್ದ ತಕ್ಷಣ ಹಾಕಿದೀನಲ್ರೀ. ಇನ್ನೆಷ್ಟು ಹಾಕ್ಲಿ?" ಎಂದು ಅಡುಗೆಮನೆಯಿಂದ ಹೆಂಡತಿ ಸಂಘಮಿತ್ರಾ ಕೇಳಿದಳು. ಆದರೂ ಒಲೆ ಸಣ್ಣ ಮಾಡಿ, ಬಕೆಟ್ ಎತ್ತಿಕೊಂಡು ಹೊರಗೆ ಹೋದಳು. ಬುಡದ ಮೇಲೆ ಹಾಸಿದ್ದ ಒಣಗಿದ ತರಗೆಲೆಗಳ ಮೇಲೆ ನೀರು ಬಿದ್ದ ಸದ್ದು ಕೇಳಿಸಿತು. ಸುಭಾಷ್ ಸುಮ್ಮನೆ ನೋಡುತ್ತ ನಿಂತ. ಆರು ತಿಂಗಳು ಮಣ್ಣು ಮುಟ್ಟುವ ಹಾಗಿಲ್ಲ, ಮಣ್ಣಿನ ಹತ್ತಿರ ಸುಳಿಯುವ ಹಾಗೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಹೊಸ ಕಿಡ್ನಿ ಕೂಡಿಸಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು. ದೇಹ ಅದನ್ನು ಪರರದ್ದೆಂದು ಹೊರಹಾಕದಿರಲಿ ಎಂದು ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ನುಂಗುವ ಮಾತ್ರೆಗಳು ಅವನ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿಟ್ಟಿದ್ದವು. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಬೂಷ್ಟು ಕೂಡ ಅವನನ್ನು ಮತ್ತೆ ಆಸ್ಪತ್ರೆಗೆ ಮಲಗಿಸಬಹುದಿತ್ತು.

ಜಯನಗರದ ಕಾಲೇಜೊಂದರ ಬಾಟನಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಇದು ಸಣ್ಣ ಶಿಕ್ಷೆಯಲ್ಲ. ಕತ್ರಿಗುಪ್ಪೆಯ ಈ ಮನೆಗೆ ಇದ್ದದ್ದೇ ಗೇಟಿನ ಪಕ್ಕದ ಮೂರಡಿ ಅಗಲದ ಮಣ್ಣು. ಅದರಲ್ಲೇ ಅವನು ಎರಡು ಕ್ರೋಟನ್, ಒಂದು ದಾಸವಾಳ, ನಡುವೆ ಈ ಸುಮಾಕ್ ಬೆಳೆಸಿದ್ದ. ಮೂರು ವರ್ಷದ ಹಿಂದೆ ಸಿದ್ದಾಪುರದ ನರ್ಸರಿಯ ಯಜಮಾನ ಗಂಗಯ್ಯ ಅದನ್ನು ಮೂಲೆಗೆ ತಳ್ಳಿಟ್ಟಿದ್ದರು. "ಹಿಮಾಚಲದ ಕಡೆಯಿಂದ ಯಾರೋ ತಂದು ಕೊಟ್ಟೋದ್ರು ಸಾರ್. ಚಳಿ ಗಿಡ. ನಮ್ಮೂರಲ್ಲಿ ಇದು ಬದುಕಿದ್ರೆ ನನ್ನ ಹೆಸರು ಬದಲಾಯಿಸ್ಕೊತೀನಿ," ಎಂದಿದ್ದರು. ಕಡ್ಡಿಯಂತಿದ್ದ ಗಿಡದ ಮೈಮೇಲೆ ಜಿಂಕೆಯ ಎಳೆಕೊಂಬಿಗಿರುವಂಥ ನವಿರು ರೋಮ. ಸುಭಾಷ್ ಬೆರಳಿಂದ ಒಮ್ಮೆ ಸವರಿ ನೋಡಿ, ಅಲ್ಲೇ ಸೋತುಹೋಗಿದ್ದ. ಗಿಡ ಬದುಕಿತು. ಎದೆಯೆತ್ತರಕ್ಕೆ ಬಂತು. ದಾರಿಹೋಕರೆಲ್ಲ "ಇದೇನು ದೊಡ್ಡ ಕರಿಬೇವಾ?" ಎಂದು ಕೇಳುವವರೇ. ಎರಡನೆಯ ವರ್ಷದ ಡಿಸೆಂಬರಿನಲ್ಲಿ ಅದರ ಗರಿಗಳು ತುದಿಯಿಂದ ಹಳದಿಗೆ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗಿದಾಗ ಇಡೀ ಕ್ರಾಸಿನವರು ನಿಂತು ನೋಡಿದ್ದರು. ಆ ಚಳಿಗಾಲ ಮುಗಿಯುವಷ್ಟರಲ್ಲಿ ಸುಭಾಷನ ಕಾಲು ಊದಿಕೊಳ್ಳಲು ಶುರುವಾಗಿತ್ತು.

ಹನ್ನೊಂದರ ಹೊತ್ತಿಗೆ ಸ್ಕೂಟರಿನ ಸದ್ದಾಯಿತು. ಭಾನುವಾರವಾದ್ದರಿಂದ ಅಕ್ಕ ಬಂದಳು. ವನಿತಾ ಇಳಿದು, ಸೆರಗು ಸರಿಮಾಡಿಕೊಂಡು, ಟಿಫಿನ್ ಕ್ಯಾರಿಯರ್ ಹಿಡಿದು ಗೇಟು ತೆಗೆದಳು. ಅವಳ ಗಂಡ ಸಂಗಮೇಶ ಎಂದಿನಂತೆ ಸ್ಕೂಟರನ್ನು ರಸ್ತೆಯ ಆಚೆಬದಿಗೆ ತಳ್ಳಿಕೊಂಡು ಹೋಗಿ, ಹೊಂಗೆಮರದ ಕೆಳಗಿನ ಇಸ್ತ್ರಿ ಗಾಡಿಯ ಪಕ್ಕ ನಿಲ್ಲಿಸಿ, ಸೀಟಿನ ಮೇಲೆ ಪೇಪರ್ ಬಿಡಿಸಿಕೊಂಡು ಕೂತ. ಎರಡು ಗಂಟೆ ಅಲ್ಲೇ ಕೂರುತ್ತಾನೆ. ಅಕ್ಕ ಹೊರಟಾಗ ಸ್ಕೂಟರ್ ತಿರುಗಿಸುತ್ತಾನೆ.

ಅವನು ಒಳಗೆ ಬರುವುದಿಲ್ಲ. ಬರಬೇಡ ಅಂದವನು ಸುಭಾಷನೇ.

ಅದಾಗಿ ಹದಿನೆಂಟು ವರ್ಷ. ಮಡಿವಾಳದ ಹಾರ್ಡ್‌ವೇರ್ ಅಂಗಡಿಯ ಸಂಗಮೇಶನನ್ನು ಮದುವೆಯಾಗುತ್ತೇನೆ ಎಂದು ಅಕ್ಕ ಹೇಳಿದಾಗ ಸುಭಾಷನಿಗೆ ಇಪ್ಪತ್ತಾರು. ವಿಜಯಪುರದ ಕಡೆಯ ಲಿಂಗಾಯತರ ಹುಡುಗ. ಸುಭಾಷನ ಅಪ್ಪ ಹನುಮಯ್ಯ ಹಳೇ ಕತ್ರಿಗುಪ್ಪೆಯ ಕೇರಿಯಲ್ಲಿ ಹುಟ್ಟಿ, ಆಮೇಲೆ ಬುದ್ಧನ ಪಟ ತಂದು ಮನೆಯ ನಡುಗೋಡೆಗೆ ಹಾಕಿದವರು. ಚಿಕ್ಕಂದಿನಲ್ಲಿ ಹೋಟೆಲಿನ ಹೊರಗೆ ತನಗಾಗಿ ಬೇರೆಯಾಗಿ ಇಟ್ಟ ಲೋಟದ ಕಥೆಯನ್ನು ಅಪ್ಪ ಎರಡೇ ಸಲ ಹೇಳಿದ್ದರು. ಸುಭಾಷನಿಗೆ ಅಷ್ಟೇ ಸಾಕಾಗಿತ್ತು. ಹೆಣ್ಣು ಕೇಳಲು ಒಬ್ಬನೇ ಬಂದ ಸಂಗಮೇಶನನ್ನು ಅವನು ಗೇಟಿನಲ್ಲೇ ತಡೆದಿದ್ದ. "ನಿಮ್ಮನೇಲಿ ನಮ್ಮಕ್ಕಂಗೆ ಬೇರೆ ಲೋಟ ಇಡ್ತಾರೆ. ಇಟ್ಟಾಗ ನೀವು ಸುಮ್ನೆ ನೋಡ್ತಾ ಕೂತಿರ್ತೀರಾ. ನಮ್ಮ ಹೊಸ್ತಿಲು ತುಳೀಬೇಡಿ," ಎಂದಿದ್ದ. ಸಂಗಮೇಶ ಎದುರು ಮಾತಾಡಲಿಲ್ಲ. ಹೊಸ್ತಿಲನ್ನೂ ತುಳಿಯಲಿಲ್ಲ. ಎಂಟು ವರ್ಷದ ಹಿಂದೆ ಹನುಮಯ್ಯ ತೀರಿಕೊಂಡಾಗಲೂ ಮಳೆಯಲ್ಲಿ ರಸ್ತೆಯ ಮೇಲೇ ನಿಂತಿದ್ದು, ಮೆರವಣಿಗೆಯ ಕೊನೆಯಲ್ಲಿ ಸ್ಮಶಾನದವರೆಗೆ ನಡೆದು ಬಂದಿದ್ದ.

ಕಿಡ್ನಿಯ ಮಾತು ಬಂದಾಗ ಅಮ್ಮ ಸಪ್ಪಲಮ್ಮನದು ಸಕ್ಕರೆ ಕಾಯಿಲೆಯಿಂದಾಗಿ ಆಗುವುದಿಲ್ಲವೆಂದರು ಡಾಕ್ಟರು. ಸಂಘಮಿತ್ರಾಳ ರಕ್ತದ ಗುಂಪು ಹೊಂದಲಿಲ್ಲ. ಯಾರೂ ಕರೆಯದೆ ವನಿತಾ ಒಂದು ದಿನ ಡಯಾಲಿಸಿಸ್ ಸೆಂಟರಿಗೆ ಬಂದು, "ನಂದೂ ಒಂದ್ಸಲ ಚೆಕ್ ಮಾಡಿ ನೋಡಿ," ಎಂದು ತೋಳು ಮುಂದೆ ಚಾಚಿದ್ದಳು. ಅವಳದು ಹೊಂದಿತು. ದಾನಿಯ ಮನೆಯವರ ಒಪ್ಪಿಗೆ ಕೇಳುವ ದಿನ ಸುಭಾಷ್ ಗಾಲಿಕುರ್ಚಿಯಲ್ಲಿ ಅದೇ ಕೋಣೆಯಲ್ಲಿದ್ದ. ಡಾಕ್ಟರು "ನಿಮಗೆ ಒಪ್ಪಿಗೆ ಇದೆಯಾ?" ಎಂದು ಸಂಗಮೇಶನನ್ನು ಕೇಳಿದರು.

"ಕಿಡ್ನಿ ಆಕಿದೈತ್ರಿ. ಅದಕ್ಕ ನಾ ಏನ್ ಒಪ್ಪೂದೈತ್ರಿ? ಆಕಿ ಹುಷಾರಾಗಿ ಎದ್ದು ಬರ್ಲಿ, ಅಷ್ಟ ಸಾಕು," ಎಂದಿದ್ದ ಅವನು. ಡಾಕ್ಟರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದ.

ಅಂದಿನಿಂದ ಪ್ರತಿ ಭಾನುವಾರವೂ ಕರೆಯಬೇಕು ಅಂದುಕೊಳ್ಳುತ್ತಿದ್ದ. ಬಾಯಿ ಬರುತ್ತಿರಲಿಲ್ಲ. ಕಿಡ್ನಿ ಸಿಕ್ಕ ಮೇಲೆ ಕರೆದರೆ ಅದು ಎಂಥ ಕರೆಯಾದೀತು? ಹದಿನೆಂಟು ವರ್ಷ ಏನಾಗಿತ್ತು ಎಂದು ಅವನು ಕೇಳಲಿಕ್ಕಿಲ್ಲ, ಆದರೆ ತನಗೇ ಕೇಳುತ್ತದಲ್ಲ. ಅಕ್ಕನಿಗೆ ಒಂದು ಮಾತು ಹೇಳಲೂ ಅವನಿಂದ ಆಗಿರಲಿಲ್ಲ. ಆಪರೇಷನ್ ಆದ ಮೂರನೆಯ ದಿನ ಅವಳು ಹೊಟ್ಟೆ ಹಿಡಿದುಕೊಂಡು ವಾರ್ಡಿನ ಗಾಜಿನ ಆಚೆ ಬಂದು ನಿಂತಾಗ ಇವನ ಕಣ್ಣು ತುಂಬಿತ್ತು. ಅವಳು ಸನ್ನೆಯಲ್ಲೇ ಕೇಳಿದ್ದು, ಊಟ ಆಯ್ತಾ ಎಂದು. ಆಮೇಲೆ ಇವನು ಯಾವಾಗ ಬಾಯಿ ತೆರೆದರೂ ಅವಳು ತಾನು ಹೊಲಿಯುವ ಬ್ಲೌಸಿನ ಹುಕ್ಕಿನ ವಿಷಯವೋ, ಹಟಮಾರಿ ಗಿರಾಕಿಯ ವಿಷಯವೋ ತೆಗೆದುಬಿಡುತ್ತಿದ್ದಳು.

ಈಗಲೂ ಅವಳು ಅಮ್ಮನ ಮಂಚದ ತುದಿಗೆ ಕೂತು ಯಾರದೋ ಮದುವೆಯ ಎಂಟು ಬ್ಲೌಸುಗಳ ಕಥೆ ಹೇಳುತ್ತಿದ್ದಳು. ಸುಭಾಷ್ ಕಿಟಕಿಯಿಂದ ಕದಲಲಿಲ್ಲ. ಐದನೆಯ ಗರಿ ಬಿತ್ತು. ಆಚೆಬದಿಯಲ್ಲಿ ಸಂಗಮೇಶ ಪೇಪರ್ ಮಡಿಸಿ, ಕತ್ತೆತ್ತಿ ಗಿಡ ನೋಡಿದ. ಎದ್ದು ರಸ್ತೆ ದಾಟಿ ಬಂದ. ಗೇಟು ತೆರೆಯಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ಗೇಟಿನ ಸರಳುಗಳ ನಡುವೆ ಕೈ ತೂರಿಸಿ, ತರಗೆಲೆ ಸರಿಸಿ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದ. ತಲೆ ಎತ್ತಿದಾಗ ಕಿಟಕಿಯಲ್ಲಿದ್ದ ಸುಭಾಷನ ಕಣ್ಣಿಗೆ ಕಣ್ಣು ಸೇರಿತು.

"ಸುಭಾಷ್ ಅವರ, ಇದಕ್ಕ ನೀರ ಯಾರ ಹಾಕ್ತಾರ್ರೀ?"

"ನಾನೇ ಹಾಕಿಸ್ತಾ ಇದೀನಿ. ಬಾಡ್ತಿದೆಯಲ್ಲ, ಅದಕ್ಕೆ ದಿನಕ್ಕೆರಡು ಸಲ."

"ಅದು ನೀರ ಕಡಿಮಿ ಆಗಿ ಬಾಡಿಲ್ರಿ. ಹೆಚ್ಚಾಗೇತಿ. ಮಣ್ಣು ನಾರಾಕತ್ತೇತಿ, ಬೇರ ಕೊಳಿತಾವು. ನಮ್ಮಪ್ಪನ ದ್ರಾಕ್ಷಿ ತ್ವಾಟದಾಗ ಹಿಂಗ ಆಗತಿತ್ತು." ಎದ್ದು ನಿಂತು, "ಗೇಟ ತಗೀಲೇನ್ರಿ?" ಎಂದು ಕೇಳಿದ.

"ತೆಗೀರಿ," ಎಂದ ಸುಭಾಷ್.

ಸಂಗಮೇಶ ಒಳಬಂದು ತರಗೆಲೆಯನ್ನೆಲ್ಲ ಬದಿಗೆ ಎಳೆದ. ಕೆಳಗೆ ಮಣ್ಣು ಕಪ್ಪಗೆ, ಅಂಟಂಟಾಗಿ ಮಿನುಗುತ್ತಿತ್ತು. ಕ್ರೋಟನ್ನಿನ ಹಿಂದೆ ಕೈಹಾಕಿ ಅವನು ಕಿರುಬೆರಳು ದಪ್ಪದ ಬಿಳಿ ಪೈಪೊಂದನ್ನು ಹೊರಗೆಳೆದ. ಅದರ ತುದಿಯಿಂದ ನೀರು ಸಣ್ಣಗೆ ಜಿನುಗುತ್ತಲೇ ಇತ್ತು.

"ಅದು ಫಿಲ್ಟರಿಂದು," ಎಂದಳು ಬಾಗಿಲಿಗೆ ಬಂದಿದ್ದ ಸಂಘಮಿತ್ರಾ. ಸುಭಾಷ್ ಆಸ್ಪತ್ರೆಯಿಂದ ಬರುವ ಮುಂಚೆ, ಅವನು ದಿನಕ್ಕೆ ಮೂರು ಲೀಟರ್ ಶುದ್ಧ ನೀರು ಕುಡಿಯಬೇಕೆಂದು ಅಡುಗೆಮನೆಗೆ ಹೊಸ ವಾಟರ್ ಫಿಲ್ಟರ್ ಹಾಕಿಸಿದ್ದರು. "ಕೂಡಿಸೋಕೆ ಬಂದೋರು ವೇಸ್ಟ್ ನೀರು ಗಿಡಕ್ಕಾದ್ರೂ ಹೋಗ್ಲಿ ಮೇಡಂ ಅಂತ ಹೊರಗಡೆ ಬಿಟ್ರು. ಒಳ್ಳೇದೇ ಅಲ್ವಾ ಅಂತ ನಾನೂ ಸುಮ್ನಾದೆ."

ನಾಲ್ಕು ತಿಂಗಳು, ಹಗಲೂ ರಾತ್ರಿ. ಅದರ ಮೇಲೆ ತಾನು ಬೇರೆ ಬಕೆಟ್ ಬಕೆಟ್ ನೀರು ಹಾಕಿಸಿದ್ದಾಯಿತು. ಇಪ್ಪತ್ತು ವರ್ಷ ಗಾಜಿನ ಪಟ್ಟಿಗಳ ಮೇಲೆ ಬೇರಿನ ತೆಳ್ಳನೆಯ ತುಂಡುಗಳನ್ನು ಇಟ್ಟುಕೊಟ್ಟವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಸುಭಾಷನಿಗೆ ನಾಚಿಕೆಯಾಯಿತು.

"ಉಳಿಯುತ್ತಾ?" ಎಂದು ಕೇಳಿದ. ಡಾಕ್ಟರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದೆನೆಂದು ಆಮೇಲೆ ಅನ್ನಿಸಿತು.

"ಎತ್ತಿ ನೋಡೂಣ್ರಿ. ಸಲಿಕಿ ಎಲ್ಲೈತಿ?"

ಮೆಟ್ಟಿಲ ಕೆಳಗಿನಿಂದ ಸಂಘಮಿತ್ರಾ ಸಲಿಕೆ, ಕತ್ತರಿ ತಂದುಕೊಟ್ಟಳು. ಸಂಗಮೇಶ ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು ಕೆಸರಿಗೆ ಇಳಿದ. ಮೊದಲು ಪೈಪನ್ನು ಎಳೆದು ಚರಂಡಿಯ ಕಡೆ ತಿರುಗಿಸಿದ. ಆಮೇಲೆ ಗಿಡದ ಸುತ್ತ ಅಗೆಯತೊಡಗಿದ.

"ಹತ್ರ ಬೇಡ, ಇನ್ನೊಂದಡಿ ಆಚೆಯಿಂದ," ಎಂದ ಸುಭಾಷ್ ಸರಳಿಗೆ ಹಣೆ ಒತ್ತಿ. "ಇದರ ಬೇರು ಆಳಕ್ಕಿಂತ ಅಗಲಕ್ಕೆ ಹೋಗುತ್ತೆ."

"ಹೂಂ."

"ಎತ್ತುವಾಗ ಬುಡ ಹಿಡ್ಕೊಳ್ಳಿ. ರೆಂಬೆ ಹಿಡೀಬೇಡಿ, ಚಟ್ ಅಂತ ಮುರಿಯುತ್ತೆ."

"ಹೂಂನ್ರಿ."

ಗಿಡ ಎದ್ದು ಬಂತು. ಸಂಗಮೇಶ ಅದನ್ನು ಗೋಣಿಚೀಲದ ಮೇಲೆ ಮಲಗಿಸಿ, ಬೇರು ಕೊಡವಿ, ಒಂದೊಂದನ್ನೇ ಬೆರಳಲ್ಲಿ ಜಾರಿಸಿ ನೋಡಿದ. ಹಲವು ಬೇರುಗಳ ಸಿಪ್ಪೆ ಕೈಗೇ ಕಳಚಿ ಬಂತು. ಅವನ್ನು ಕತ್ತರಿಸಿದ. ಕಪ್ಪು ಮುಗಿದು ಬಿಳಿ ಕಾಣಿಸುವವರೆಗೂ ಕತ್ತರಿಸುತ್ತ ಹೋದ. "ಈ ಕಡಿ ಮೂರು ಜೀವಂತ ಅದಾವು ನೋಡ್ರಿ!" ಎಂದು ಗಿಡವನ್ನು ಕಿಟಕಿಯತ್ತ ಎತ್ತಿ ತೋರಿಸಿದ. ಕತ್ತರಿಸಿದ ತುದಿಗಳಿಂದ ಹಾಲು ಒಸರಿ ಅವನ ಮುಂಗೈ ಮೇಲೆ ಇಳಿಯುತ್ತಿತ್ತು. ಅವನು ಹಣೆಯ ಬೆವರು ಒರೆಸಲು ಕೈ ಎತ್ತಿದ.

"ಬೇಡ! ಮುಖ ಮುಟ್ಕೋಬೇಡಿ!" ಎಂದು ಸುಭಾಷ್ ಕೂಗಿದ. "ಮಾವಿನ ಜಾತೀದು ಅದು. ಮಾವಿನ ಸೊನೆ ಇರುತ್ತಲ್ಲ, ಹಾಗೆ. ಕೆಲವರಿಗೆ ಬೊಬ್ಬೆ ಬರುತ್ತೆ. ಕಣ್ಣಿಗೆ ಹೋದ್ರೆ ಕಷ್ಟ. ಮೊದ್ಲು ಸೋಪು ಹಾಕಿ ತೊಳ್ಕೊಳ್ಳಿ."

ಸಂಗಮೇಶ ಕೈಗಳನ್ನು ಮೈಯಿಂದ ದೂರ ಹಿಡಿದು ಎದ್ದುನಿಂತ. ಮನೆಯ ಬಾಗಿಲ ಕಡೆ ನೋಡಲೇ ಇಲ್ಲ. "ಇಸ್ತ್ರಿ ಅಣ್ಣನ ಬಲ್ಲಿ ಬಕೀಟಿನಾಗ ನೀರ ಇರ್ತೈತಿ, ಅಲ್ಲೇ ತೊಳಕೊಂಡ ಬರ್ತೀನ್ರಿ," ಎಂದು ಗೇಟಿನತ್ತ ತಿರುಗಿದ.

ಸುಭಾಷ್ ಕಿಟಕಿ ಬಿಟ್ಟ. ಮಾಸ್ಕ್ ಸಿಗಿಸಿಕೊಳ್ಳುತ್ತ ನಡುಮನೆ ದಾಟಿದ. ಅಮ್ಮ, ಅಕ್ಕ ಇಬ್ಬರೂ ಮಾತು ನಿಲ್ಲಿಸಿ ನೋಡಿದರು. ಅವನು ಬಾಗಿಲಿನ ಎರಡೂ ಕದಗಳನ್ನು ತೆರೆದು ಹೊಸ್ತಿಲಿನ ಮೇಲೆ ನಿಂತ.

"ಒಳಗೆ ಬನ್ನಿ, ಭಾವ."

ಹದಿನೆಂಟು ವರ್ಷದಲ್ಲಿ ಆ ಮಾತು ಅವನ ಬಾಯಿಗೆ ಬಂದದ್ದು ಅದೇ ಮೊದಲು. ಸಂಗಮೇಶ ಗೇಟಿನ ಬಳಿ ನಿಂತೇ ಇದ್ದ. ಮೊಣಕಾಲವರೆಗೂ ಮೆತ್ತಿದ್ದ ಕೆಸರು ನೋಡಿಕೊಂಡ.

"ಕಾಲೆಲ್ಲ ರಾಡಿ ಆಗ್ಯಾವ್ರಿ."

"ಇರ್ಲಿ ಬನ್ನಿ." ಸುಭಾಷ್ ಹೊಸ್ತಿಲಿನಿಂದ ಬದಿಗೆ ಸರಿದ. "ಭಾವ, ಅವತ್ತು ನಾನು ಇಲ್ಲೇ ನಿಂತು ನಿಮಗೆ ಏನು ಅಂದೆ..."

"ಅದನ್ನೆಲ್ಲ ಆಮ್ಯಾಲ ಹೇಳೀರಂತ. ಮೊದ್ಲ ಸೋಪ ಎಲ್ಲೈತಿ ತೋರಸ್ರಿ, ಕೈ ಚುರುಗುಡಾಕತ್ತೇತಿ," ಎಂದು ಸಂಗಮೇಶ ದೊಡ್ಡ ಹೆಜ್ಜೆಯಿಟ್ಟು ಒಳಗೆ ಬಂದುಬಿಟ್ಟ. ಸಂಘಮಿತ್ರಾ ಸಾರಿಸಿದ್ದ ಬಿಳಿ ನೆಲದ ಮೇಲೆ ಬಚ್ಚಲವರೆಗೂ ಕೆಸರಿನ ಹೆಜ್ಜೆಗಳು ಮೂಡಿದವು. ಸುಭಾಷ್ ಮಗ್ಗಿನಿಂದ ನೀರು ಹುಯ್ದ. ಸಂಗಮೇಶ ಮೂರು ಸಲ ಸೋಪು ಹಚ್ಚಿ, ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡ.

ಹೊರಗೆ ಬಂದಾಗ ಸಪ್ಪಲಮ್ಮ ಮಂಚದಿಂದ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ತಾನೇ ಚೊಂಬಿನಲ್ಲಿ ನೀರು ತಂದಿದ್ದಳು. "ತಗಳಪ್ಪ, ಕುಡಿ. ಬಿಸ್ಲಾಗೆ ಬಗ್ಗಿ ಬಗ್ಗಿ ಸಾಕಾಗೈತೆ." ಸಂಗಮೇಶ ಎರಡೂ ಕೈಯಲ್ಲಿ ಚೊಂಬು ಹಿಡಿದು, ಕತ್ತೆತ್ತಿ, ಒಂದೇ ಉಸಿರಿಗೆ ಖಾಲಿಮಾಡಿದ. ನೀರು ಗದ್ದದಿಂದ ಇಳಿದು ಅಂಗಿ ನೆನೆಯಿತು.

ಅವನನ್ನೇ ನೋಡುತ್ತಿದ್ದ ವನಿತಾ ನಕ್ಕಳು. "ಅಮ್ಮಾ, ಇವರು ನೀರು ಕುಡಿಯೋ ಕಥೆ ನಿಮ್ಗೆಲ್ಲ ಗೊತ್ತಿಲ್ಲ. ಮದುವೆ ಆದ್ಮೇಲೆ ಮೊದಲ್ನೇ ಸಲ ಊರಿಗೆ ಹೋದಾಗ ನಮ್ಮಾವ ನಾನು ಕೊಟ್ಟ ನೀರು ಮುಟ್ಲಿಲ್ಲ. ಇವರೇನೂ ಜಗಳ ಆಡ್ಲಿಲ್ಲ. ನನ್ ಹೆಂಡ್ತಿ ಕೈ ನೀರು ಆಗದ ಮನೇಲಿ ನಂಗೂ ನೀರು ಬೇಡ ಅಂತ ಹೇಳಿ ಸುಮ್ನಾದ್ರು. ಆಮೇಲೆ ಅಪ್ಪನ್ನ ನೋಡೋಕೆ ಊರಿಗೆ ಹೋಗೋರು, ತೋಟದ ಕೆಲಸ ಎಲ್ಲ ಮಾಡೋರು, ಆದ್ರೆ ಆ ಮನೇಲಿ ಒಂದು ತೊಟ್ಟು ನೀರು ಮುಟ್ತಿರ್ಲಿಲ್ಲ. ಆ ಬಿಸಿಲೂರಲ್ಲಿ! ಬೆಂಗಳೂರಿಂದ ಬಾಟಲಿ ಹೊತ್ಕೊಂಡು ಹೋಗ್ತಿದ್ರು. ನಾಲ್ಕು ವರ್ಷ."

"ಅವನ್ನೆಲ್ಲ ಈಗ ಯಾಕ ತಗೀತಿ ಮಾರಾಯ್ತಿ," ಎಂದ ಸಂಗಮೇಶ.

"ಆಮ್ಯಾಕೆ ಏನಾಯ್ತು?" ಎಂದಳು ಸಪ್ಪಲಮ್ಮ.

"ಐದನೇ ವರ್ಷ ನಮ್ಮಾವ ಒಬ್ರೇ ಬಸ್ಸು ಹತ್ತಿ ಮಡಿವಾಳಕ್ಕೆ ಬಂದ್ರು. ಬಾಗಿಲಲ್ಲೇ ನಿಂತು, ವನಿತಾ, ಚಾ ಮಾಡವ್ವಾ ಅಂದ್ರು. ಇನ್ನೇನಿಲ್ಲ, ಅಷ್ಟೇ."

ಸುಭಾಷ್ ಗೋಡೆಗೊರಗಿ ನಿಂತಿದ್ದ. "ನನಗೆ ಯಾಕಕ್ಕ ಇದನ್ನ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ?" ಎಂದಳು ವನಿತಾ. ಅದರಲ್ಲಿ ಸಿಟ್ಟಿರಲಿಲ್ಲ. ಮರುಕ್ಷಣ ಟಿಫಿನ್ ಕ್ಯಾರಿಯರ್ ಬಿಚ್ಚತೊಡಗಿದಳು. "ಸಂಘಾ, ಇವತ್ತು ಒಂದು ತಟ್ಟೆ ಜಾಸ್ತಿ ಹಾಕು. ಇವರಿಗೆ ಮೊಸರು ಬೇಕೇ ಬೇಕು."

ಊಟ ಮುಗಿಸಿ ಸಂಗಮೇಶ ಮತ್ತೆ ಗುಂಡಿಗೆ ಇಳಿದ. ಆಚೆ ಮನೆ ಕಟ್ಟುವಲ್ಲಿಂದ ಮರಳು, ಇಟ್ಟಿಗೆ ಚೂರು ಕೇಳಿ ತಂದು ಕೆಳಗೆ ಹಾಸಿ, ಮಣ್ಣು ಏರಿಸಿ, ಉಳಿದ ಮೂರು ಬೇರುಗಳ ಮೇಲೆ ಗಿಡ ನಿಲ್ಲಿಸಿದ. ಎಲೆಗಳನ್ನು ಪೂರ್ತಿ ಸವರಿಬಿಡಲು ಸುಭಾಷ್ ಹೇಳಿದ. ಬೇರು ಕಡಿಮೆ ಇರುವಾಗ ಎಲೆಯ ಭಾರ ಬೇಡ. ಸಂಜೆ ಹೊತ್ತಿಗೆ ಅಲ್ಲಿ ಉಳಿದದ್ದು ಆಸರೆಗೆ ಕಟ್ಟಿದ ಒಂದು ಕೋಲು, ಅದರ ಪಕ್ಕ ಇನ್ನೊಂದು ಕೋಲಿನಂತಿದ್ದ ಗಿಡ. ಯಾವುದು ಯಾವುದೆಂದು ಸಪ್ಪಲಮ್ಮನಿಗೆ ತಿಳಿಯಲಿಲ್ಲ.

ಅಕ್ಟೋಬರ್ ಪೂರ್ತಿ ಅದು ಹಾಗೇ ನಿಂತಿತ್ತು. ಸಂಗಮೇಶ ಪ್ರತಿ ಭಾನುವಾರ ಬಂದವನೇ ಮೊದಲು ಬುಡದಲ್ಲಿ ಬೆರಳು ಊರಿ ತೇವ ನೋಡುತ್ತಿದ್ದ, ಆಮೇಲೆ ಕಾಲು ತೊಳೆದು ಒಳಗೆ ಬರುತ್ತಿದ್ದ. ವಾರದ ನಡುವೆ ಸುಭಾಷನೇ ಫೋನು ಮಾಡುತ್ತಿದ್ದ. "ಭಾವ, ಇವತ್ತು ನೀರು ಹಾಕ್ಸೋದಾ?" ಎಂದು ಶುರುವಾದ ಮಾತು ಅಂಗಡಿ, ಕಾಲೇಜು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಎಂದೆಲ್ಲ ಸುತ್ತಿ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಒಮ್ಮೆ ಆ ಫೋನಿನಲ್ಲೇ ಸುಭಾಷ್ ಅಂದು ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಹೇಳಿದ. ತಪ್ಪಾಯಿತು ಎಂದ. ಆ ಕಡೆಯಿಂದ ಸಂಗಮೇಶ, "ನೀವು ಲೋಟದ ಮಾತು ಅಂದಿದ್ರೆಲ್ಲಾ, ಅದು ಸುಳ್ಳಿರ್ಲಿಲ್ರಿ. ನಮ್ಮನ್ಯಾಗ ಇಟ್ಟಿದ್ರು. ಅದನ್ನ ನೋಡಿದ ಕೂಡ್ಲೆ ನಿಮ್ಮ ಮಾತು ನೆನಪಾತು. ಸುಮ್ನ ನೋಡ್ಕೋತ ಕೂಡಬಾರ್ದು ಅಂತ ಆಗ ಗಟ್ಟಿ ಮಾಡ್ಕೊಂಡೆ," ಎಂದ.

ನವೆಂಬರ್ ಎರಡನೆಯ ವಾರ ಗಿಡದ ಕುತ್ತಿಗೆಯಲ್ಲಿ ಜೋಳದ ಕಾಳಿನಷ್ಟು ಚಿಗುರು ಮೂಡಿತು. ಅದೇ ತಿಂಗಳು ಡಾಕ್ಟರು ರಿಪೋರ್ಟು ನೋಡಿ, ಗ್ಲೌಸ್, ಮಾಸ್ಕ್ ಹಾಕಿಕೊಂಡು ಗಿಡದ ಕೆಲಸ ಮಾಡಬಹುದು ಎಂದರು. ಸುಭಾಷ್ ಅಂದು ಮನೆಗೆ ಬಂದು, ಗ್ಲೌಸ್ ತೊಟ್ಟು, ಬುಡದ ಮಣ್ಣನ್ನು ಒಂದು ಹಿಡಿ ಎತ್ತಿ ಬೆರಳುಗಳ ನಡುವೆ ಉದುರಿಸಿದ. ಹಗುರವಾಗಿ, ಉದುರುದುರಾಗಿ ಬಿತ್ತು. ಡಿಸೆಂಬರಿಗೆ ಆರು ಗರಿ ಬಿಟ್ಟಿತ್ತು. ಸಣ್ಣವು. ಅಷ್ಟು ಎಳೆಯವು ಆ ವರ್ಷ ಕೆಂಪಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಸಿರಾಗಿ ಇದ್ದರೆ ಸಾಕಿತ್ತು.

ವರ್ಷದ ಕೊನೆಯ ಭಾನುವಾರ ವನಿತಾ ಬಂದಾಗಲೇ ಸೋತಿದ್ದಳು. ಮದುವೆಗಳ ಕಾಲ, ವಾರವೆಲ್ಲ ಮಿಷನ್ನಿನ ಮುಂದೆ. ಊಟ ಮಾಡಿ, ಕೈ ಒರೆಸಿಕೊಳ್ಳುತ್ತ, "ಐದೇ ನಿಮಿಷ ಬೆನ್ನು ಚಾಚ್ತೀನಿ," ಎಂದು ನಡುಮನೆಯ ಚಾಪೆಯ ಮೇಲೆ ಅಡ್ಡಾದಳು. ಮಾತಾಡುತ್ತಲೇ ನಿದ್ದೆ ಹೋದಳು. ಸಂಗಮೇಶನೂ ಸಪ್ಪಲಮ್ಮನೂ ಹಿಂಬಾಗಿಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸುಭಾಷ್ ಒಳಗೆ ಬಂದಾಗ ಅಕ್ಕ ಎಡಗೈ ತಲೆಯಡಿ ಮಡಿಸಿ, ಬಾಯಿ ಚೂರು ತೆರೆದು, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೇ ಮಲಗಿದ್ದಳು. ಇನ್ನೊಂದು ಕೈ ಪಕ್ಕೆಯ ಮೇಲೆ, ಹೊಲಿಗೆ ಬಿದ್ದ ಜಾಗದಲ್ಲಿತ್ತು. ಅವನು ಫ್ಯಾನನ್ನು ಒಂದು ಸುತ್ತು ಕಡಿಮೆ ಮಾಡಿ, ಅವಳ ಕಾಲಿಗೆ ಹೊದಿಕೆ ಎಳೆದ.

ಅಷ್ಟರಲ್ಲಿ ಕ್ರಾಸಿನ ತುದಿಯಿಂದ ತಳ್ಳುಗಾಡಿಯ ಧ್ವನಿವರ್ಧಕ ಕೇಳಿಸಿತು. ಟೊಮ್ಯಾಟೊ, ಈರುಳ್ಳಿ, ಮೂಲಂಗಿ ಎಂದು ರೆಕಾರ್ಡ್ ಮಾಡಿದ ದನಿ ಹತ್ತಿರ ಹತ್ತಿರ ಬರುತ್ತಿತ್ತು. ಸುಭಾಷ್ ಮಾಸ್ಕ್ ಸಿಗಿಸಿಕೊಳ್ಳುತ್ತ ಬರಿಗಾಲಲ್ಲೇ ಹೊರಗೋಡಿ, ಗೇಟು ದಾಟಿ, ಎರಡು ಮನೆ ಆಚೆಯೇ ಗಾಡಿಯನ್ನು ತಡೆದ.

"ಅಣ್ಣ, ಈ ಕ್ರಾಸ್ ದಾಟೋವರೆಗೂ ಸ್ಪೀಕರ್ ಆಫ್ ಮಾಡ್ತೀರಾ? ನಮ್ಮಕ್ಕ ಮಲಗಿದಾಳೆ."

ಗಾಡಿಯವನು ಅವನ ಮಾಸ್ಕನ್ನೂ ಬರಿಗಾಲನ್ನೂ ಒಮ್ಮೆ ನೋಡಿದ. ಬಗ್ಗಿ ಸ್ವಿಚ್ ಒತ್ತಿದ. ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಮೆಲ್ಲಗೆ ಉರುಳಿ ಮನೆಯ ಮುಂದೆ ಹಾದುಹೋಯಿತು, ಚಕ್ರದ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲದೆ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಸುಭಾಷ್ ರಸ್ತೆಯ ನಡುವೆಯೇ ನಿಂತಿದ್ದ.